ಆರನ್ ಹರ್ನಾಂಡೆಜ್‌ನ ಮೆದುಳು ಏನು ಹೇಳಿತು, ಏನು ಹೇಳಲಿಲ್ಲ

2013ರ ಜೂನ್ 17, ನಸುಕು. ಗಂಟೆ ಮೂರೂಕಾಲು ದಾಟಿತ್ತು. ಓಡಿನ್ ಲಾಯ್ಡ್ ಎಂಬ 27 ವರ್ಷದ ಯುವಕ ಕಾರಿನಲ್ಲಿ ಕೂತು ತಂಗಿಗೆ ಮೆಸೇಜ್ ಮಾಡುತ್ತಿದ್ದ. ನಾನು ಯಾರ ಜೊತೆ ಇದ್ದೀನಿ ನೋಡಿದ್ಯಾ ಎಂದು ಮೊದಲು ಕೇಳಿದ್ದ. ಯಾರದು ಎಂದು ಅವಳು ಕೇಳಿದಾಗ ಮೂರೇ ಅಕ್ಷರ ಬರೆದ: ಎನ್‌ಎಫ್‌ಎಲ್. ಅದರ ಹಿಂದೆಯೇ ಇನ್ನೊಂದು ಸಾಲು ಬಂತು. ಸುಮ್ನೆ, ನಿನಗೆ ಗೊತ್ತಿರಲಿ ಅಂತ.

ಸ್ವಲ್ಪ ಹೊತ್ತಿನಲ್ಲೇ ಅವನನ್ನು ಗುಂಡಿಕ್ಕಿ ಕೊಂದರು. ಜಾಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ತ್ ಆ್ಯಟಲ್‌ಬರೋ ಊರಿನ ಕೈಗಾರಿಕಾ ಪ್ರದೇಶ. ಅಲ್ಲಿಂದ ಸುಮಾರು ಒಂದು ಮೈಲಿ ದೂರದಲ್ಲಿ ಆರನ್ ಹರ್ನಾಂಡೆಜ್‌ನ ಮನೆ ಇತ್ತು. ಲಾಯ್ಡ್ ಹೇಳಿದ ಎನ್‌ಎಫ್‌ಎಲ್ ಅಂದರೆ ಅವನೇ. ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಆಟಗಾರ, ವಯಸ್ಸು 23. ಹತ್ತು ತಿಂಗಳ ಹಿಂದಷ್ಟೇ ಸುಮಾರು 4 ಕೋಟಿ ಡಾಲರಿನ ಕರಾರಿಗೆ ಸಹಿ ಹಾಕಿದ್ದ. ಅವನು ಮದುವೆಯಾಗಬೇಕಿದ್ದ ಹುಡುಗಿಯ ತಂಗಿಯನ್ನು ಲಾಯ್ಡ್ ಪ್ರೀತಿಸುತ್ತಿದ್ದ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಇಬ್ಬರೂ ಮುಂದೆ ಷಡ್ಡಕರಾಗಬಹುದಿತ್ತು.

2015ರ ಏಪ್ರಿಲ್ 15ರಂದು ಜ್ಯೂರಿ ಹರ್ನಾಂಡೆಜ್ ಕೊಲೆಗಾರ ಎಂದು ತೀರ್ಪು ಕೊಟ್ಟಿತು. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ. ಎರಡು ವರ್ಷದ ನಂತರ, 2017ರ ಏಪ್ರಿಲ್ 19ರಂದು, ಅವನು ಜೈಲಿನಲ್ಲೇ ಆತ್ಮಹತ್ಯೆ ಮಾಡಿಕೊಂಡ. ಆಗ ಅವನಿಗೂ 27 ವರ್ಷ. ಮನೆಯವರು ಅವನ ಮೆದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕೊಟ್ಟರು. ತಲೆಗೆ ಪದೇ ಪದೇ ಗುದ್ದು ಬಿದ್ದು ಬರುವ ಸಿಟಿಇ ಎಂಬ ಮೆದುಳಿನ ರೋಗ ಅವನಿಗಿತ್ತು. ಅಲ್ಲಿ ಕಂಡದ್ದನ್ನು ನೋಡಿ ಆ ರೋಗದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರೂ ಬೆಚ್ಚಿದರು.

ಅಲ್ಲಿಂದ ವಾದ ಶುರುವಾಯಿತು. ಆಟ ಅವನ ಮೆದುಳನ್ನು ಕೆಡಿಸಿತು, ಕೆಟ್ಟ ಮೆದುಳು ಕೊಲೆ ಮಾಡಿಸಿತು ಎಂದು ಕೆಲವರು ಹೇಳಿದರು. ಕೊಲೆಗಾರನಿಗೆ ಇದೊಂದು ನೆಪ ಅಷ್ಟೆ ಎಂದು ಇನ್ನು ಕೆಲವರು ಹೇಳಿದರು. ಎರಡೂ ಮಾತು ಸುಲಭ. ಈ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಎರಡೂ ಪೂರ್ತಿ ನಿಲ್ಲುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಿಣ್ಣಿನಂಥ ಮೆದುಳು

ನಾವು ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟ. ಅಮೆರಿಕದ ಫುಟ್‌ಬಾಲ್ ಬೇರೆಯೇ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಕಬಡ್ಡಿಯಲ್ಲೂ ಹಿಡಿದು ಕೆಡವುತ್ತಾರೆ, ನಿಜ. ಆದರೆ ಅಮೆರಿಕದ ಈ ಆಟದಲ್ಲಿ ನೂರು ಕೇಜಿ ಮೀರಿದವರು ಎರಡೂ ಕಡೆಯಿಂದ ಓಡಿಬಂದು ಡಿಕ್ಕಿ ಹೊಡೆಯುತ್ತಾರೆ. ಹರ್ನಾಂಡೆಜ್ ಆಡುತ್ತಿದ್ದ ಜಾಗಕ್ಕೆ ಟೈಟ್ ಎಂಡ್ ಎನ್ನುತ್ತಾರೆ. ಅವನಿಗೆ ಎರಡು ಕೆಲಸ. ಒಮ್ಮೆ ಎದುರಿನವರನ್ನು ಮೈಯಿಂದಲೇ ತಡೆಯಬೇಕು, ಇನ್ನೊಮ್ಮೆ ಓಡಿಹೋಗಿ ಚೆಂಡು ಹಿಡಿಯಬೇಕು. ಹಿಡಿದ ಕೂಡಲೇ ಯಾರಾದರೂ ಬಂದು ಗುದ್ದುತ್ತಾರೆ.

ಹೆಲ್ಮೆಟ್ ಇದೆಯಲ್ಲ ಎಂದು ನನಗೂ ಮೊದಲು ಅನಿಸಿತ್ತು. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗಿನ ಮೆದುಳು ಅಲುಗದಂತೆ ಅದು ತಡೆಯಲಾರದು. ಒಂದು ಪಾತ್ರೆಯಲ್ಲಿ ಗಿಣ್ಣು ಹಾಕಿ, ಪಾತ್ರೆಯನ್ನು ಜೋರಾಗಿ ಓಡಿಸಿ ಗಕ್ಕನೆ ನಿಲ್ಲಿಸಿದರೆ ಏನಾಗುತ್ತದೆ? ಪಾತ್ರೆಗೆ ಏನೂ ಆಗುವುದಿಲ್ಲ. ಒಳಗಿನ ಗಿಣ್ಣು ಮುಂದಕ್ಕೂ ಹಿಂದಕ್ಕೂ ಬಡಿದು ಬಿರುಕು ಬಿಡುತ್ತದೆ. ಜೀವಂತ ಮೆದುಳು ಅಷ್ಟೇ ಮೆತ್ತಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ಅಲ್ಲಿ ನಿಜವಾದ ಮೆದುಳನ್ನು ಮುಟ್ಟಿ ನೋಡಬಹುದು. ನಾನು ಕೈಯಲ್ಲಿ ಹಿಡಿದದ್ದು ರಬ್ಬರಿನಂತೆ ಗಟ್ಟಿಯಾಗಿತ್ತು. ಅದು ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ಬಂದ ಗಟ್ಟಿತನ. ತಲೆಯೊಳಗೆ ಇರುವಾಗ ಅದು ಹಾಗಿರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಅಪಾಯ ಎಂದಕೂಡಲೇ ನಾವು ದೊಡ್ಡ ಏಟನ್ನು ನೆನೆಯುತ್ತೇವೆ. ಆಟಗಾರ ಎಚ್ಚರ ತಪ್ಪಿ ಬೀಳುವುದು, ಕಣ್ಣು ಕತ್ತಲಾಗುವುದು. ಆದರೆ ಈ ರೋಗಕ್ಕೆ ಅಂಥ ಒಂದೆರಡು ಏಟಿಗಿಂತ, ವರ್ಷಗಟ್ಟಲೆ ಸಾವಿರಾರು ಬಾರಿ ಬೀಳುವ ಸಣ್ಣ ಗುದ್ದುಗಳ ಒಟ್ಟು ಲೆಕ್ಕವೇ ಜಾಸ್ತಿ ಮುಖ್ಯ. ಅವುಗಳಿಂದ ಆಟಗಾರನಿಗೆ ಆ ಹೊತ್ತಿಗೆ ಏನೂ ಅನಿಸುವುದಿಲ್ಲ. ಎದ್ದು ನಿಂತು ಮತ್ತೆ ಆಡುತ್ತಾನೆ. ಬಾಸ್ಟನ್‌ನ ಸಂಶೋಧಕರು 266 ಫುಟ್‌ಬಾಲ್ ಆಟಗಾರರ ಮೆದುಳುಗಳನ್ನು ನೋಡಿ ಒಂದು ಲೆಕ್ಕ ಕೊಟ್ಟರು. ಒಂದು ವರ್ಷ ಹೆಚ್ಚು ಆಡಿದರೆ ಈ ರೋಗದ ಸಾಧ್ಯತೆ ಸುಮಾರು ಶೇ 30ರಷ್ಟು ಏರುತ್ತದೆ.

ರೋಗದ ಹೆಸರು ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ. ಎಲ್ಲರೂ ಸಿಟಿಇ ಎನ್ನುತ್ತಾರೆ. ಬಾಕ್ಸಿಂಗ್ ಆಡುವವರಲ್ಲಿ ಇಂಥದ್ದೊಂದು ಇದೆ ಎಂದು 1928ರಲ್ಲೇ ಹ್ಯಾರಿಸನ್ ಮಾರ್ಟ್ಲೆಂಡ್ ಎಂಬ ವೈದ್ಯರು ಬರೆದಿದ್ದರು. ಫುಟ್‌ಬಾಲ್ ಆಟಗಾರನ ಮೆದುಳಿನಲ್ಲಿ ಅದನ್ನು ಕಂಡು ಬರೆದವರು ನೈಜೀರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಬೆನೆಟ್ ಒಮಾಲು. ಅವರ ಲೇಖನ ಬಂದದ್ದು 2005ರಲ್ಲಿ, ಪಿಟ್ಸ್‌ಬರ್ಗ್ ತಂಡದ ಮೈಕ್ ವೆಬ್‌ಸ್ಟರ್ ಎಂಬ ಹೆಸರಾಂತ ಆಟಗಾರನ ಮೆದುಳಿನ ಬಗ್ಗೆ. ಲೀಗ್‌ನ ಸಮಿತಿಯ ವೈದ್ಯರು ಆ ಲೇಖನವನ್ನು ವಾಪಸ್ ತೆಗೆಯಬೇಕೆಂದು ಪತ್ರ ಬರೆದರು. ಆಟಕ್ಕೂ ಸಿಟಿಇಗೂ ಸಂಬಂಧ ಇದೆ ಎಂದು ಲೀಗ್‌ನ ಹಿರಿಯ ಅಧಿಕಾರಿಯೊಬ್ಬರು ಸಾರ್ವಜನಿಕವಾಗಿ ಒಪ್ಪಿಕೊಂಡದ್ದು 2016ರ ಮಾರ್ಚ್‌ನಲ್ಲಿ, ಅಂದರೆ ಹನ್ನೊಂದು ವರ್ಷದ ಮೇಲೆ. ಹರ್ನಾಂಡೆಜ್ ಶಾಲೆಯಲ್ಲಿ, ಕಾಲೇಜಿನಲ್ಲಿ, ಲೀಗ್‌ನಲ್ಲಿ ಆಡಿದ್ದರ ಬಹುಪಾಲು ಈ ಹನ್ನೊಂದು ವರ್ಷದ ಒಳಗೇ ಬರುತ್ತದೆ.

ಹುಡುಗ

ಅವನು ಹುಟ್ಟಿದ್ದು 1989ರ ನವೆಂಬರ್ 6ರಂದು, ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಊರಿನಲ್ಲಿ. ಅಪ್ಪ ಡೆನಿಸ್ ಊರಿಗೇ ಹೆಸರಾದ ಆಟಗಾರನಾಗಿದ್ದವನು. ಅಣ್ಣ ಕೂಡ ಆಟಗಾರ. ಅಪ್ಪ ಮಕ್ಕಳನ್ನು ಹೊಡೆಯುತ್ತಿದ್ದ, ಮನೆಯಲ್ಲಿ ಭಯ ಇತ್ತು ಎಂದು ಅಣ್ಣ ಮುಂದೆ ಬರೆದ. ಚಿಕ್ಕಂದಿನಲ್ಲಿ ತಮ್ಮನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು ಎಂದೂ ಹೇಳಿದ. 2006ರ ಜನವರಿಯಲ್ಲಿ, ಹರ್ನಿಯಾದ ಶಸ್ತ್ರಚಿಕಿತ್ಸೆಯ ನಂತರ ಅಪ್ಪ ತೀರಿಕೊಂಡ. ಹುಡುಗನಿಗೆ ಆಗ 16 ವರ್ಷ. ಅಪ್ಪನಿಗೆ ಹೆದರುತ್ತಿದ್ದ ಹುಡುಗನಿಗೆ ಅಪ್ಪನೇ ಎಲ್ಲ ಆಗಿದ್ದ. ಆ ಸಾವಿನ ನಂತರ ಅವನು ಬದಲಾದ ಎಂದು ಮನೆಯವರೇ ಹೇಳಿದ್ದಾರೆ.

ಒಂದು ವರ್ಷದಲ್ಲಿ, ಹೈಸ್ಕೂಲನ್ನು ಬೇಗ ಮುಗಿಸಿ, ಫ್ಲಾರಿಡಾ ವಿಶ್ವವಿದ್ಯಾಲಯದ ತಂಡ ಸೇರಿದ. ಊರಿನಿಂದ ಎಷ್ಟೋ ದೂರ. 2007ರ ಏಪ್ರಿಲ್‌ನಲ್ಲಿ, 17ನೇ ವಯಸ್ಸಿಗೆ, ಅಲ್ಲಿನ ಬಾರೊಂದರಲ್ಲಿ ಕೆಲಸದವನೊಬ್ಬನಿಗೆ ಹೊಡೆದು ಕಿವಿಯ ತಮಟೆ ಒಡೆದ. ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ಮೈದಾನದಲ್ಲಿ ಮಾತ್ರ ಅವನಿಗೆ ಸಾಟಿ ಇರಲಿಲ್ಲ. 2009ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಟೈಟ್ ಎಂಡ್‌ಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಅವನಿಗೆ ಬಂತು.

2010ರಲ್ಲಿ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಅವನ ಸರದಿ ಬಂದದ್ದು 113ನೆಯದಾಗಿ. ಅವನ ಆಟಕ್ಕೆ ಅದು ಬಹಳ ಕೆಳಗಿನ ಸ್ಥಾನ. ತಂಡಗಳಿಗೆ ಅವನ ನಡತೆಯ ಬಗ್ಗೆ ಅನುಮಾನ ಇತ್ತು. ಆಗ ಮಾಡಿದ ಒಂದು ಮನಃಶಾಸ್ತ್ರದ ಪರೀಕ್ಷೆಯಲ್ಲಿ ಸಾಮಾಜಿಕ ಪ್ರೌಢತೆ ಎಂಬ ಅಂಶಕ್ಕೆ ಅವನಿಗೆ ಸಿಕ್ಕಿದ್ದು 10ಕ್ಕೆ 1. ಅದು ಎಲ್ಲರ ಮುಂದೆಯೂ ಇತ್ತು. ಈ ಹುಡುಗನಿಗೆ ಏನಾಗಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಎಂದು ನನಗೆ ಅನಿಸುತ್ತಲೇ ಇರುತ್ತದೆ. ಅದರ ಬದಲು ಅವನ ಬೆಲೆ ಇಳಿಯಿತು, ಅಷ್ಟೆ.

ಪೇಟ್ರಿಯಟ್ಸ್ ತಂಡಕ್ಕೆ ಮೂರು ಸೀಸನ್ ಆಡಿದ. 2012ರ ಫೆಬ್ರವರಿಯ ಸೂಪರ್ ಬೌಲ್ ಫೈನಲ್‌ನಲ್ಲಿ ಒಂದು ಟಚ್‌ಡೌನ್ ಹೊಡೆದ, ಅಂದರೆ ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಮುಟ್ಟಿಸಿ ಅಂಕ ಗಳಿಸಿದ. ಅದೇ ವರ್ಷ ಜುಲೈನಲ್ಲಿ ಬಾಸ್ಟನ್‌ನ ರಸ್ತೆಯಲ್ಲಿ, ಕಾರಿನಲ್ಲಿದ್ದ ಇಬ್ಬರು ಯುವಕರು ಗುಂಡೇಟಿಗೆ ಸತ್ತರು. ನೈಟ್‌ಕ್ಲಬ್‌ನಲ್ಲಿ ಮೈಮೇಲೆ ಡ್ರಿಂಕ್ ಚೆಲ್ಲಿದ ಸಿಟ್ಟಿಗೆ ಹರ್ನಾಂಡೆಜ್ ಕೊಂದ ಎಂದು ಸರ್ಕಾರಿ ವಕೀಲರು ಆಮೇಲೆ ಆರೋಪಿಸಿದರು. 2017ರ ಏಪ್ರಿಲ್ 14ರಂದು ಜ್ಯೂರಿ ಆ ಕೊಲೆಗಳ ಆರೋಪದಿಂದ ಅವನನ್ನು ಬಿಡುಗಡೆ ಮಾಡಿತು. ಅವನು ಜೀವ ಕಳೆದುಕೊಂಡದ್ದು ಅದಾದ ಐದು ದಿನಕ್ಕೆ.

ಜೊತೆಗೆ ಮಾದಕ ವಸ್ತುಗಳ ಬಳಕೆ ಇತ್ತು. ಬಂದೂಕುಗಳು ಇದ್ದವು. ಹಳೆಯ ಊರಿನ ಕೆಟ್ಟ ಸಹವಾಸ ಇತ್ತು. ಯಾರನ್ನೂ ನಂಬದ ಸ್ವಭಾವ ಬೆಳೆದಿತ್ತು. ಇದೆಲ್ಲ ಒಂದೇ ತಲೆಯಲ್ಲಿ, ಒಂದೇ ಮನೆಯಲ್ಲಿ.

ಮೈಕ್ರೋಸ್ಕೋಪಿನ ಕೆಳಗೆ

ಬಾಸ್ಟನ್‌ನಲ್ಲಿ ಮೆದುಳನ್ನು ಪರೀಕ್ಷಿಸಿದವರು ಡಾ. ಆ್ಯನ್ ಮೆಕ್ಕೀ. ಸಿಟಿಇ ಬಗ್ಗೆ ಅವರಷ್ಟು ಮೆದುಳುಗಳನ್ನು ನೋಡಿದವರು ಬಹಳ ಕಡಿಮೆ. ಹರ್ನಾಂಡೆಜ್‌ನ ಮೆದುಳು ಹೊರಗಿನಿಂದ ನೋಡಿದರೆ ಮಾಮೂಲಿಯಾಗಿತ್ತು. ಕತ್ತರಿಸಿದಾಗ ಕಥೆಯೇ ಬೇರೆ.

ನಡುವೆ ಇರಬೇಕಾದ ತೆಳು ಪೊರೆ ಹರಿದು ತೂತುಗಳಾಗಿತ್ತು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಕುಗ್ಗಿತ್ತು. ಅದರಿಂದ ಹೊರಡುವ ನರಗಳ ಕಟ್ಟು ಸಣ್ಣಗಾಗಿತ್ತು. ಹಣೆಯ ಹಿಂದಿರುವ, ಸಿಟ್ಟು ಆವೇಗಗಳನ್ನು ಹಿಡಿತದಲ್ಲಿಡುವ ಫ್ರಂಟಲ್ ಲೋಬ್‌ನಲ್ಲಿ ಟೌ ಎಂಬ ಪ್ರೋಟೀನ್ ಗಂಟುಗಟ್ಟಿ ಕೂತಿತ್ತು.

ಟೌ ಕೆಟ್ಟ ವಸ್ತುವೇನಲ್ಲ. ನರಕೋಶದೊಳಗೆ ಸಾಮಾನು ಸಾಗಿಸುವ ಸಣ್ಣ ಕೊಳವೆಗಳಿರುತ್ತವೆ. ಅವು ನೆಟ್ಟಗೆ ನಿಲ್ಲಲು ಟೌ ಬೇಕು. ಕಟ್ಟಡ ಕಟ್ಟುವಾಗ ಸರ್ವೆ ಕಂಬಗಳನ್ನು ಹಗ್ಗದಿಂದ ಬಿಗಿಯುತ್ತಾರಲ್ಲ, ಆ ಹಗ್ಗ ಇದ್ದ ಹಾಗೆ. ಪದೇ ಪದೇ ಗುದ್ದು ಬಿದ್ದಾಗ ಹಗ್ಗ ಸಡಿಲವಾಗಿ ಕಳಚಿಕೊಳ್ಳುತ್ತದೆ. ಕಂಬ ಕುಸಿಯುತ್ತದೆ. ಕಳಚಿದ ಹಗ್ಗಗಳು ಸಿಕ್ಕುಸಿಕ್ಕಾಗಿ ಉಳಿಯುತ್ತವೆ. ಸಿಟಿಇಯಲ್ಲಿ ಈ ಸಿಕ್ಕು ಕಾಣುವುದು ಮೆದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ. ತಲೆ ಅಲುಗಿದಾಗ ಜಗ್ಗಾಟ ಜಾಸ್ತಿ ಬೀಳುವುದೂ ಆ ಮಡಿಕೆಗಳ ತಳಕ್ಕೇ. ಆಲ್ಜೈಮರ್ಸ್ ಎಂಬ ಮರೆವಿನ ರೋಗದಲ್ಲಿ ಟೌ ಹೀಗೆ ಹರಡುವುದಿಲ್ಲ. ಆದ್ದರಿಂದಲೇ ಎರಡನ್ನೂ ಬೇರೆ ಮಾಡಿ ಗುರುತಿಸಬಹುದು.

ಈ ರೋಗಕ್ಕೆ ನಾಲ್ಕು ಹಂತಗಳಿವೆ. ಹರ್ನಾಂಡೆಜ್‌ನದು ಮೂರನೆಯದು. ಅದು ಸಾಮಾನ್ಯವಾಗಿ ಕಾಣುವುದು ವಯಸ್ಸು 60 ದಾಟಿದ ಆಟಗಾರರಲ್ಲಿ. 46ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಇಷ್ಟು ಹಾನಿಯನ್ನು ತಾವು ಕಂಡೇ ಇಲ್ಲ ಎಂದು ಮೆಕ್ಕೀ ಹೇಳಿದರು. ಅವನಿಗೆ ಎಪಿಒಇ-4 ಎಂಬ ಜೀನ್ ಕೂಡ ಇತ್ತು. ಆಲ್ಜೈಮರ್ಸ್ ಸಾಧ್ಯತೆಯನ್ನು ಹೆಚ್ಚಿಸುವ ಜೀನ್ ಅದು. ಅವನಲ್ಲಿ ರೋಗ ಬೇಗ ಬೆಳೆಯಲು ಅದೂ ಕಾರಣ ಇರಬಹುದು.

2017ರ ನವೆಂಬರ್‌ನಲ್ಲಿ ಮೆಕ್ಕೀ ಈ ಮೆದುಳಿನ ಚಿತ್ರಗಳನ್ನು ಎಲ್ಲರ ಮುಂದೆ ಇಟ್ಟರು. ಅವರ ಮಾತಿನ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರೋಗದ ಗುರುತನ್ನು ಇಟ್ಟುಕೊಂಡು ಅವನ ನಡವಳಿಕೆಯನ್ನು ವಿವರಿಸಲು ಆಗುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಆದರೆ ಇಷ್ಟು ತೀವ್ರ ಸಿಟಿಇ ಇದ್ದವರಿಗೆ ಆವೇಗವನ್ನು ಹಿಡಿತದಲ್ಲಿಡುವುದು, ತೀರ್ಮಾನ ತೆಗೆದುಕೊಳ್ಳುವುದು, ಸಿಟ್ಟನ್ನು ತಡೆಯುವುದು ಕಷ್ಟ ಎಂಬುದು ತಮ್ಮೆಲ್ಲರ ಅನುಭವ ಎಂದೂ ಸೇರಿಸಿದರು. ಮರುದಿನ ಬಹಳ ಜನ ಎರಡನೇ ಮಾತನ್ನಷ್ಟೇ ಹಿಡಿದುಕೊಂಡರು.

ಮೊದಲು ಮತ್ತು ಆಮೇಲೆ

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ದೊಡ್ಡಪ್ಪ ಅಡಿಕೆ ಮರದಿಂದ ಬಿದ್ದರು. ಹಣೆಗೆ ಜೋರಾಗಿ ಪೆಟ್ಟಾಯಿತು. ಹೊಲಿಗೆ ಹಾಕಿದರು, ಗಾಯ ಮಾಗಿತು, ತೋಟದ ಕೆಲಸಕ್ಕೂ ಹೋಗತೊಡಗಿದರು. ಆದರೆ ಮನುಷ್ಯ ಮಾತ್ರ ಬೇರೆಯೇ ಆಗಿದ್ದರು. ಮಕ್ಕಳಿಗೆ ಒಮ್ಮೆಯೂ ಗದರದವರು ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಿದ್ದರು. ದೊಡ್ಡಮ್ಮ ಎಲ್ಲೆಲ್ಲೋ ಹರಕೆ ಹೊತ್ತರು. ಗ್ರಹಚಾರ ಎಂದರು ಕೆಲವರು, ವಯಸ್ಸಾಯ್ತು ಎಂದರು ಕೆಲವರು. ತಲೆಯ ಪೆಟ್ಟನ್ನೂ ಆ ಸಿಟ್ಟನ್ನೂ ಒಟ್ಟಿಗೆ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ. ನಾನೂ ಅವರ ಮೇಲೆ ಮುನಿಸಿಕೊಂಡೇ ಇದ್ದೆ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಫ್ರಂಟಲ್ ಲೋಬ್ ಏನು ಮಾಡುತ್ತದೆ ಎಂದು ಓದಿದಾಗ, ಕಣ್ಣಲ್ಲಿ ನೀರು ಬಂತು.

ಆದ್ದರಿಂದ ಮೆದುಳಿಗೂ ನಡವಳಿಕೆಗೂ ಸಂಬಂಧ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆದರೆ ನಮ್ಮ ದೊಡ್ಡಪ್ಪನ ವಿಷಯದಲ್ಲಿ ಒಂದು ಅನುಕೂಲ ಇತ್ತು. ಬೀಳುವ ಮೊದಲು ಹೇಗಿದ್ದರು, ಬಿದ್ದ ಮೇಲೆ ಹೇಗಾದರು ಎಂದು ಊರೆಲ್ಲ ನೋಡಿತ್ತು. ನಡುವೆ ಒಂದು ದಿನ, ಒಂದು ಮರ, ಒಂದು ಪೆಟ್ಟು.

ಹರ್ನಾಂಡೆಜ್‌ಗೆ ಆ ಮೊದಲು ಎಂಬುದೇ ಇಲ್ಲ. ಅವನು ಹುಡುಗನಾಗಿದ್ದಾಗಿಂದ ಆಡುತ್ತಿದ್ದ. ಮೆದುಳು ಬೆಳೆಯುತ್ತಿದ್ದ ವರ್ಷಗಳಲ್ಲೇ ಗುದ್ದುಗಳೂ ಬೀಳುತ್ತಿದ್ದವು. ಅದೇ ವರ್ಷಗಳಲ್ಲಿ ಅಪ್ಪನ ಹೊಡೆತ, ಅಪ್ಪನ ಸಾವು, ಡ್ರಗ್ಸ್, ಕೆಟ್ಟ ಸಹವಾಸ. 17ನೇ ವಯಸ್ಸಿನಲ್ಲಿ ಬಾರ್‌ನಲ್ಲಿ ಕೈ ಎತ್ತಿದ್ದು ಯಾವುದರಿಂದ? ಅಪ್ಪನನ್ನು ಕಳೆದುಕೊಂಡ ಹುಡುಗನ ಸಿಟ್ಟೋ, ಕುಡಿತವೋ, ಆಗಲೇ ಶುರುವಾಗಿದ್ದ ರೋಗವೋ? ಈ ಎಳೆಗಳನ್ನು ಬಿಡಿಸಲು ಯಾವ ಮೈಕ್ರೋಸ್ಕೋಪಿಗೂ ಆಗುವುದಿಲ್ಲ. ಸತ್ತ ಮೇಲೆ ತೆಗೆದ ಮೆದುಳು ರೋಗ ಎಷ್ಟು ಹರಡಿತ್ತು ಎಂದು ತೋರಿಸುತ್ತದೆ. ಯಾವ ವರ್ಷ ಶುರುವಾಯಿತು ಎಂದು ತೋರಿಸುವುದಿಲ್ಲ.

ಕೊಲೆಯ ರಾತ್ರಿಯನ್ನೇ ನೋಡಿ. ತಡೆದುಕೊಳ್ಳಲಾಗದ ಸಿಟ್ಟಿನಲ್ಲಿ ನಡೆದುಹೋಯಿತು ಎನ್ನಲು ಅದು ಆ ಥರದ ಘಟನೆಯಲ್ಲ. ಯಾರನ್ನೂ ನಂಬೋಕಾಗಲ್ಲ ಎಂದು ಅವನು ಹೇಳಿದ್ದ. ಬೇರೆ ರಾಜ್ಯದಿಂದ ಇಬ್ಬರು ಗೆಳೆಯರನ್ನು ಕರೆಸಿಕೊಂಡ. ಅವರು ಬರುವವರೆಗೆ ಕಾದ. ಬಾಸ್ಟನ್‌ಗೆ ಹೋಗಿ ಲಾಯ್ಡ್‌ನನ್ನು ಮನೆಯಿಂದ ಹತ್ತಿಸಿಕೊಂಡ. ಇದಕ್ಕೆಲ್ಲ ಗಂಟೆಗಳೇ ಹಿಡಿದವು. ತನಿಖೆ ಶುರುವಾದಾಗ ಅವನ ಮೊಬೈಲ್ ಚೂರುಚೂರಾಗಿತ್ತು. ಯೋಚನೆ ಇದ್ದ ಕೆಲಸ ಇದು. ಮೆದುಳೇ ಮಾಡಿಸಿತು ಎನ್ನುವವರು ಈ ಗಂಟೆಗಳನ್ನು ಬಿಟ್ಟುಬಿಡುತ್ತಾರೆ.

ಆದರೆ ಇದಕ್ಕೂ ಒಂದು ಪ್ರತಿವಾದ ಇದೆ, ಅದನ್ನು ಸುಮ್ನೆ ತಳ್ಳಿಹಾಕಬಾರದು. ಫ್ರಂಟಲ್ ಲೋಬ್ ಕೆಟ್ಟವರು ಯೋಜನೆಯನ್ನೇ ಮಾಡಲಾರರು ಎಂದೇನಿಲ್ಲ. ಕೆಡುವುದು ತೂಗಿ ನೋಡುವ ಶಕ್ತಿ. ಕೈಯಲ್ಲಿ 4 ಕೋಟಿ ಡಾಲರಿನ ಕರಾರು, ಮನೆಯಲ್ಲಿ ಏಳು ತಿಂಗಳ ಮಗು. ಹೀಗಿದ್ದವನು ತನ್ನ ಮನೆಯ ಪಕ್ಕದಲ್ಲೇ, ತನ್ನ ಮನೆಯ ಕ್ಯಾಮೆರಾಗಳ ಎದುರಿಗೇ ಓಡಾಡಿ, ಇಷ್ಟೆಲ್ಲ ಗುರುತು ಬಿಟ್ಟು ಕೊಲೆ ಮಾಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಕೊಲೆಗೆ ಕಾರಣ ಏನು ಎಂಬುದೂ ವಿಚಾರಣೆಯಲ್ಲಿ ಪೂರ್ತಿ ಸ್ಪಷ್ಟವಾಗಲಿಲ್ಲ. ಎರಡು ರಾತ್ರಿ ಮೊದಲು ನೈಟ್‌ಕ್ಲಬ್‌ನಲ್ಲಿ ಹರ್ನಾಂಡೆಜ್‌ಗೆ ಆಗದವರ ಜೊತೆ ಲಾಯ್ಡ್ ಮಾತಾಡಿದ ಎಂಬುದಷ್ಟೇ ಪೊಲೀಸರಿಗೆ ಸಿಕ್ಕಿದ ಎಳೆ. ಅಷ್ಟಕ್ಕೆ ಒಂದು ಜೀವ.

2015ರ ವಿಚಾರಣೆಯಲ್ಲಿ ಮೆದುಳಿನ ಮಾತೇ ಬರಲಿಲ್ಲ. ಬರುವುದಕ್ಕೂ ಆಗುತ್ತಿರಲಿಲ್ಲ ಅಲ್ವಾ? ಸಿಟಿಇಯನ್ನು ಖಚಿತವಾಗಿ ಗುರುತಿಸುವುದು ಸತ್ತ ಮೇಲೆ ಮಾತ್ರ. ಬದುಕಿದವನ ತಲೆಗೆ ಸ್ಕ್ಯಾನ್ ಮಾಡಿ ಇದೆ, ಇಲ್ಲ ಎಂದು ಹೇಳುವ ಪರೀಕ್ಷೆ ಇಂದಿಗೂ ಬಂದಿಲ್ಲ. ಒಂದು ವೇಳೆ ಗೊತ್ತಾಗಿದ್ದರೂ ಕಾನೂನು ಕೇಳುವ ಪ್ರಶ್ನೆ ಬೇರೆ. ತಾನು ಮಾಡುತ್ತಿರುವುದು ತಪ್ಪು ಎಂದು ಅವನಿಗೆ ತಿಳಿದಿತ್ತೇ, ತನ್ನನ್ನು ತಡೆದುಕೊಳ್ಳುವ ಶಕ್ತಿ ಇತ್ತೇ ಎಂದು ಅದು ಕೇಳುತ್ತದೆ. ಮೆದುಳಿನ ಚಿತ್ರ ಅದಕ್ಕೆ ನೇರ ಉತ್ತರ ಕೊಡುವುದಿಲ್ಲ.

ಉಳಿದವರ ಲೆಕ್ಕ

ಒಬ್ಬನನ್ನೇ ನೋಡಿದರೆ ಸಾಲದು, ಉಳಿದವರನ್ನೂ ನೋಡಬೇಕು. 2017ರಲ್ಲೇ ಮೆಕ್ಕೀ ಅವರ ತಂಡ 202 ಫುಟ್‌ಬಾಲ್ ಆಟಗಾರರ ಮೆದುಳುಗಳ ವರದಿ ಕೊಟ್ಟಿತು. 177 ಜನರಲ್ಲಿ ಸಿಟಿಇ ಇತ್ತು. ಎನ್‌ಎಫ್‌ಎಲ್‌ನಲ್ಲಿ ಆಡಿದ 111 ಜನರಲ್ಲಿ 110 ಜನರಿಗೆ ಇತ್ತು. ನಡವಳಿಕೆಯಲ್ಲಿ ಏನೋ ಏರುಪೇರು ಕಂಡ ಮನೆಯವರೇ ಜಾಸ್ತಿ ಮೆದುಳು ದಾನ ಮಾಡುತ್ತಾರೆ. ಆದ್ದರಿಂದ ಎಲ್ಲ ಆಟಗಾರರಿಗೂ ಇದೇ ಪ್ರಮಾಣ ಎನ್ನಲಾಗದು. ಆದರೂ ಒಂದು ಮಾತು ಸ್ಪಷ್ಟ. ಈ ರೋಗ ಇದ್ದವರಲ್ಲಿ ಕೊಲೆ ಮಾಡಿದವರು ಬೆರಳೆಣಿಕೆಯಷ್ಟು ಮಂದಿ. ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ ಗೆದ್ದ ಮನುಷ್ಯ. ಕೊನೆಗೆ ಮನೆ ಇಲ್ಲದೆ ಪಿಕಪ್ ಟ್ರಕ್ಕಿನಲ್ಲಿ ಮಲಗುತ್ತಿದ್ದರು, ತಲೆಗೆ ಮಂಪರು ಕವಿಯುತ್ತಿತ್ತು, 2002ರಲ್ಲಿ 50ನೇ ವಯಸ್ಸಿಗೆ ತೀರಿಕೊಂಡರು. ಅವರು ಯಾರ ಜೀವವನ್ನೂ ತೆಗೆಯಲಿಲ್ಲ. ಸಿಟಿಇ ಎಂದರೆ ಕೊಲೆಗಾರ ಎಂದು ಬರೆಯುವವರು ಇಂಥ ಸಾವಿರಾರು ಮನೆಗಳಿಗೆ ನೋವು ಕೊಡುತ್ತಾರೆ.

2023ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. 30 ತುಂಬುವ ಮೊದಲೇ ಸತ್ತ, ಮೈಗೆ ಮೈ ತಾಗುವ ಆಟಗಳನ್ನು ಆಡಿದ್ದ 152 ಜನರ ಮೆದುಳುಗಳನ್ನು ಅದರಲ್ಲಿ ನೋಡಿದರು. 63 ಜನರಲ್ಲಿ ಸಿಟಿಇ ಇತ್ತು, ಅಂದರೆ ಶೇ 41. ಬಹುಪಾಲು ಮೊದಲ ಎರಡು ಹಂತದವು. ಮನೆಯವರನ್ನು ಕೇಳಿದಾಗ ಖಿನ್ನತೆ, ಮಂಕು, ಸಿಟ್ಟನ್ನು ತಡೆಯಲಾಗದಿರುವುದು ಬಹಳ ಜನರಲ್ಲಿ ಇತ್ತು. ಆದರೆ ಸಿಟಿಇ ಇದ್ದವರಲ್ಲಿ ಎಷ್ಟಿತ್ತೋ ಇಲ್ಲದವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಇದರ ಅರ್ಥ ಏನು? ಚಿಕ್ಕ ವಯಸ್ಸಿನ ಆಟಗಾರನ ಸಿಟ್ಟಿಗೆ ಟೌ ಒಂದೇ ಕಾರಣ ಎನ್ನುವ ಹಾಗಿಲ್ಲ. ಗುದ್ದುಗಳು ಬೇರೆ ರೀತಿಯಲ್ಲೂ ಮೆದುಳನ್ನು ಕೆಡಿಸಬಹುದು. ನರಗಳ ಎಳೆಗಳು ಹರಿಯಬಹುದು, ಒಳಗೆ ಉರಿಯೂತ ಆಗಬಹುದು. ಆಟ ಬಿಟ್ಟ ಮೇಲಿನ ಒಂಟಿತನ, ನೋವಿನ ಮಾತ್ರೆ, ಕುಡಿತ, ನಿದ್ದೆ ಇಲ್ಲದ್ದೂ ಇರಬಹುದು. ನೆನಪು ಮತ್ತು ಯೋಚನೆಯ ತೊಂದರೆಗೂ ಸಿಟಿಇಗೂ ಇರುವ ನಂಟು ಗಟ್ಟಿಯಾಗಿದೆ. ನಡತೆಯ ತೊಂದರೆಗೆ ಇರುವ ನಂಟು ಅಷ್ಟು ಗಟ್ಟಿಯಲ್ಲ. ಹಾಗಂತ ವೈದ್ಯರು ಅದನ್ನು ಕೈಬಿಟ್ಟಿಲ್ಲ. ಬದುಕಿರುವವರಲ್ಲಿ ಈ ರೋಗದ ಅನುಮಾನ ಪಡಲು 2021ರಲ್ಲಿ ತಜ್ಞರು ಸೇರಿ ಮಾಡಿದ ನಿಯಮಗಳಲ್ಲಿ, ಭಾವನೆಗಳ ಮೇಲೆ ಹಿಡಿತ ತಪ್ಪುವುದೂ ಒಂದು ಮುಖ್ಯ ಲಕ್ಷಣವಾಗಿ ಇದೆ.

ದುಡ್ಡಿನ ಕರಾರು

ನನಗೆ ಸಿಟ್ಟು ಬರುವುದು ಇಲ್ಲಿ. ಖಚಿತವಾಗಿ ಹೇಳಲಾಗದು ಎಂಬ ವಿಜ್ಞಾನಿಯ ಎಚ್ಚರ, ದುಡ್ಡಿನ ಮೇಜಿಗೆ ಬಂದಾಗ ಬೇರೆಯೇ ರೂಪ ತಾಳಿತು.

ಸಾವಿರಾರು ಹಳೆಯ ಆಟಗಾರರು ಲೀಗ್ ಮೇಲೆ ಕೇಸು ಹಾಕಿದ್ದರು. 2013ರ ಆಗಸ್ಟ್‌ನಲ್ಲಿ 76.5 ಕೋಟಿ ಡಾಲರಿನ ರಾಜಿ ಆಯಿತು. ನ್ಯಾಯಾಧೀಶರು ಆ ಮಿತಿ ಸಾಲದು ಎಂದ ಮೇಲೆ ಮಿತಿ ತೆಗೆದರು. 2015ರ ಏಪ್ರಿಲ್ 22ರಂದು ಒಪ್ಪಿಗೆ ಸಿಕ್ಕಿತು. ಈವರೆಗೆ ಕೊಟ್ಟ ಪರಿಹಾರ 100 ಕೋಟಿ ಡಾಲರ್ ದಾಟಿದೆ. ಮರೆವಿನ ರೋಗ, ಆಲ್ಜೈಮರ್ಸ್, ಪಾರ್ಕಿನ್ಸನ್ಸ್, ಎಎಲ್‌ಎಸ್ ಎಂಬ ನರರೋಗ ಬಂದವರಿಗೆ ದುಡ್ಡು ಸಿಗುತ್ತದೆ. ಸಿಟ್ಟು, ಖಿನ್ನತೆ, ಸ್ವಭಾವದ ಬದಲಾವಣೆಗೆ ಒಂದು ಪೈಸೆಯೂ ಇಲ್ಲ. ಇಂಥ ತೊಂದರೆ ಆಟ ಆಡದವರಲ್ಲೂ ಇರುತ್ತದೆ, ಆಟದಿಂದಲೇ ಬಂತು ಎನ್ನಲಾಗದು ಎಂಬುದು ಅದಕ್ಕೆ ಕೊಟ್ಟ ಕಾರಣ. ಸತ್ತ ಮೇಲೆ ಸಿಟಿಇ ಕಂಡುಬಂದರೆ ಕೊಡುವ ಪರಿಹಾರವೂ ಆ ಒಪ್ಪಿಗೆಯ ದಿನಕ್ಕಿಂತ ಮೊದಲು ಸತ್ತವರಿಗೆ ಮಾತ್ರ. ಹರ್ನಾಂಡೆಜ್ ಸತ್ತದ್ದು ಎರಡು ವರ್ಷ ತಡವಾಗಿ. ಅವನ ಪುಟ್ಟ ಮಗಳ ಪರವಾಗಿ 2 ಕೋಟಿ ಡಾಲರ್ ಕೇಳಿ ಹಾಕಿದ ಕೇಸು ನಿಲ್ಲಲಿಲ್ಲ. ಅವನು ಆ ರಾಜಿಯಿಂದ ಹೊರಗುಳಿಯುತ್ತೇನೆಂದು ಸಮಯಕ್ಕೆ ಹೇಳಿರಲಿಲ್ಲ ಎಂದು ಕೋರ್ಟು ಹೇಳಿತು.

ಮನೆಯವರು ಮೊದಲು ಕಾಣುವುದೇ ಸ್ವಭಾವದ ಬದಲಾವಣೆಯನ್ನು. ತಟ್ಟೆ ಎಸೆಯುವ ಗಂಡ, ಕಾರಣವಿಲ್ಲದೆ ಅನುಮಾನ ಪಡುವ ಮಗ. ಯಾವ ಕಾಯಿಲೆಯ ಜೊತೆ ಹೆಂಡತಿ ಮಕ್ಕಳು ದಿನವೂ ಬದುಕುತ್ತಾರೋ ಅದು ಲೆಕ್ಕಕ್ಕೇ ಬರಲಿಲ್ಲ. ಹರ್ನಾಂಡೆಜ್‌ನ ಅಪರಾಧವನ್ನು ಅವನ ರೋಗ ತೊಳೆಯುವುದಿಲ್ಲ. ಆದರೆ ಅವನ ಅಪರಾಧವೂ ಆ ಆಟದ ಹೊಣೆಯನ್ನು ತೊಳೆಯಬಾರದು. 27 ವರ್ಷದ ತಲೆಯೊಳಗೆ 60 ದಾಟಿದವನ ರೋಗ ಇತ್ತು. ಅದು ಅವನಿಗೆ ಮೈದಾನದಲ್ಲಿ ಬಂದದ್ದು.

ದಾಖಲೆ

ಅವನು ಸತ್ತಾಗ ಮೇಲ್ಮನವಿ ಇನ್ನೂ ಬಾಕಿ ಇತ್ತು. ಮ್ಯಾಸಚೂಸೆಟ್ಸ್‌ನ ಹಳೆಯ ನಿಯಮದ ಪ್ರಕಾರ ಮೇಲ್ಮನವಿ ಮುಗಿಯುವ ಮೊದಲು ಅಪರಾಧಿ ಸತ್ತರೆ ಶಿಕ್ಷೆಯೇ ಅಳಿಸಿಹೋಗುತ್ತದೆ. 2017ರ ಮೇನಲ್ಲಿ ಹಾಗೇ ಆಯಿತು. ಕಾನೂನಿನ ಲೆಕ್ಕದಲ್ಲಿ ಓಡಿನ್ ಲಾಯ್ಡ್‌ನನ್ನು ಕೊಂದವರು ಯಾರೂ ಇಲ್ಲ ಎಂಬಂತಾಯಿತು. ಲಾಯ್ಡ್‌ನ ತಾಯಿ 2015ರಲ್ಲಿ ಅದೇ ಕೋರ್ಟಿನಲ್ಲಿ ನಿಂತು, ತನ್ನ ಮಗನ ಕೊಲೆಯಲ್ಲಿ ಕೈ ಇದ್ದವರನ್ನು ಕ್ಷಮಿಸುತ್ತೇನೆ ಎಂದಿದ್ದರು. ಆ ತಾಯಿ ಈಗ ಇದನ್ನೂ ನೋಡಬೇಕಾಯಿತು.

2019ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ಹಳೆಯ ನಿಯಮವನ್ನೇ ತೆಗೆದುಹಾಕಿ, ತೀರ್ಪನ್ನು ಮತ್ತೆ ಜಾರಿಗೆ ತಂದಿತು. ಇಂಥ ಪ್ರಕರಣಗಳ ದಾಖಲೆಯಲ್ಲಿ ಏನು ಬರೆಯಬೇಕು ಎಂದೂ ಹೇಳಿತು. ತೀರ್ಪಿನಿಂದ ಆರೋಪಿಯು ನಿರಪರಾಧಿ ಎಂಬ ಭಾವನೆ ಹೋಗಿದೆ. ಮೇಲ್ಮನವಿ ಹಾಕಲಾಗಿತ್ತು. ಆದರೆ ಆರೋಪಿ ಸತ್ತ ಕಾರಣ ತೀರ್ಪನ್ನು ಎತ್ತಿಹಿಡಿದೂ ಇಲ್ಲ, ರದ್ದು ಮಾಡಿಯೂ ಇಲ್ಲ.